ಫೈರ್‌ಪ್ಲೇಸಿನಿಂದ ತಣ್ಣನೆ ಗಾಳಿ: ಡ್ಯಾಂಪರ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಸಾಚುಸೆಟ್ಸ್‌ನಲ್ಲಿ ನಾವು ತಗೊಂಡ ಮನೆ 1960ರ ದಶಕದ್ದು. ಹಾಲ್‌ನಲ್ಲಿ ಇಟ್ಟಿಗೆಯ ದೊಡ್ಡ ಫೈರ್‌ಪ್ಲೇಸ್ ಇದೆ. ಮೊದಲನೇ ಚಳಿಗಾಲಕ್ಕೆ ಅತ್ತೆ ಶಿವಮೊಗ್ಗದಿಂದ ಬಂದಿದ್ದರು. ಸೋಫಾದ ಆ ತುದಿಯಲ್ಲಿ ಕೂತರೆ ಪಾದಕ್ಕೆ ತಣ್ಣಗೆ ಹೊಡೆಯುತ್ತದೆ ಅಂತ ಮೊದಲು ಹೇಳಿದ್ದು ಅವರೇ. ನಾವು ಕಿಟಕಿ ಬಾಗಿಲುಗಳ ಸಂದು ಹುಡುಕುತ್ತಾ ಕೂತೆವು. ಸಂಜೆ ಅವರು ದೇವರಿಗೆ ಹಚ್ಚಿದ್ದ ಊದುಬತ್ತಿಯನ್ನೇ ತಂದು ಫೈರ್‌ಪ್ಲೇಸಿನ ಬಾಯಿ ಹತ್ತಿರ ಹಿಡಿದಾಗ ಹೊಗೆ ಅಡ್ಡಡ್ಡ ಓಡಿತು. ಆವತ್ತಿಂದ ಈ ವಿಷಯ ನನ್ನ ತಲೆಯಲ್ಲಿ ಕೂತಿದೆ. ಚಳಿ ಶುರುವಾದರೆ ಗೆಳೆಯರು ಫೋನ್ ಮಾಡಿ ಅದದೇ ಪ್ರಶ್ನೆ ಕೇಳುತ್ತಾರೆ, ಆದ್ದರಿಂದ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಫ್ಲೂ ಅಂದರೆ ಏನು, ಡ್ಯಾಂಪರ್ ಅಂದರೆ ಏನು? ಚಿಮ್ನಿ ಅಂದರೆ ಅಡುಗೆ ಮನೆಯದಲ್ವಾ?

ಬೆಂಗಳೂರಿನಲ್ಲಿ ಚಿಮ್ನಿ ಅಂದರೆ ಒಲೆ ಮೇಲೆ ಕೂರಿಸುವ ಫ್ಯಾನಿನ ಪೆಟ್ಟಿಗೆ. ಇಲ್ಲಿ ಅದಕ್ಕೆ ಹುಡ್ ಅನ್ನುತ್ತಾರೆ. ಇಲ್ಲಿ ಚಿಮ್ನಿ ಅಂದರೆ ಇಟ್ಟಿಗೆ ಕಟ್ಟಿದ ಇಡೀ ಗೋಪುರ. ಅದರೊಳಗೆ ಹೊಗೆ ಹೋಗುವ ಕೊಳವೆಯೇ ಫ್ಲೂ. ಹಳೇ ಮನೆಗಳಲ್ಲಿ ಅದು ಸುಟ್ಟ ಮಣ್ಣಿನ ಚೌಕ ಕೊಳವೆ, ಒಂದರ ಮೇಲೊಂದು ಜೋಡಿಸಿರುತ್ತಾರೆ. ಆ ದಾರಿಯನ್ನು ತೆಗೆಯಲು, ಮುಚ್ಚಲು ಇರುವ ಮುಚ್ಚಳವೇ ಡ್ಯಾಂಪರ್.

12 ಇಂಚಿಗೆ 12 ಇಂಚಿನ ಫ್ಲೂ ಅಂದರೆ ಪೂರ್ತಿ ಒಂದು ಚದರ ಅಡಿ ತೂತು. ಡ್ಯಾಂಪರ್ ತೆರೆದಿಟ್ಟರೆ ಚಳಿಗಾಲದಲ್ಲಿ ಕಿಟಕಿ ಹಾರುಹೊಡೆದು ಬಿಟ್ಟ ಹಾಗೆ ಅಂತ ಅಮೆರಿಕದ ಇಂಧನ ಇಲಾಖೆಯೇ ಹೇಳುತ್ತದೆ. ಆದ್ದರಿಂದ ಬೇರೇನೂ ಮಾಡುವ ಮೊದಲು ಟಾರ್ಚ್ ಹಿಡಿದು, ತಲೆ ಒಳಗೆ ಹಾಕಿ, ಮೇಲೆ ನೋಡಿ. ಮುಚ್ಚಳ ತೆರೆದೇ ಇರುವ ಮನೆಗಳನ್ನು ನಾನು ಎಷ್ಟೋ ನೋಡಿದ್ದೇನೆ. ಹಿಂದಿನ ಮಾಲೀಕರು ಬಿಟ್ಟು ಹೋಗಿರುತ್ತಾರೆ, ಹೊಸಬರಿಗೆ ಹಿಡಿ ಎಲ್ಲಿದೆ ಅಂತಲೇ ಗೊತ್ತಿರುವುದಿಲ್ಲ.

ನಮ್ಮ ಡ್ಯಾಂಪರ್ ಮುಚ್ಚಿದೆ. ಆದರೂ ಗಾಳಿ ಬರುತ್ತೆ. ಯಾಕೆ?

ಮುಚ್ಚುವುದೇ ಬೇರೆ, ಗಾಳಿ ಆಡದಂತೆ ಬಿಗಿಯಾಗುವುದೇ ಬೇರೆ. ಹಳೇ ಮನೆಗಳಲ್ಲಿ ಇರುವುದು ಥ್ರೋಟ್ ಡ್ಯಾಂಪರ್. ಬೆಂಕಿ ಉರಿಯುವ ಗೂಡಿನ ಮೇಲೆ, ದಾರಿ ಕಿರಿದಾಗುವ ಕತ್ತಿನ ಹತ್ತಿರ ಕೂತಿರುವ ಎರಕದ ಕಬ್ಬಿಣದ ಹಲಗೆ ಅದು. ಕಬ್ಬಿಣದ ಚೌಕಟ್ಟಿನ ಮೇಲೆ ಕಬ್ಬಿಣದ ಹಲಗೆ, ಅಷ್ಟೇ. ನಡುವೆ ರಬ್ಬರ್ ಹಾಕಿದರೆ ಬೆಂಕಿಗೆ ಸುಟ್ಟು ಹೋಗುತ್ತದೆ. ಕಬ್ಬಿಣ ಶಾಖಕ್ಕೆ ಹಿಗ್ಗುವುದರಿಂದ ಅದಕ್ಕೆ ಒಂದಿಷ್ಟು ಸಡಿಲ ಬಿಟ್ಟೇ ಕೂರಿಸಿರುತ್ತಾರೆ. ಅಂದರೆ ಹೊಸದಾಗಿದ್ದಾಗಲೂ ಅದು ಪೂರ್ತಿ ಬಿಗಿ ಇರಲಿಲ್ಲ. ಆಮೇಲೆ ಐವತ್ತು ಅರವತ್ತು ವರ್ಷ ಮಳೆ ನೀರು ಬಿದ್ದು ತುಕ್ಕು, ಬೆಂಕಿಗೆ ಡೊಂಕು.

ನಮ್ಮನೆಯದರಲ್ಲಿ ಹಲಗೆಯ ಎಡ ಮೂಲೆಯಲ್ಲಿ ಬೆರಳುಗಾತ್ರದ ಒಂದು ಗಾರೆ ಚೂರು ಸಿಕ್ಕಿಕೊಂಡಿತ್ತು. ಮೇಲಿನಿಂದ ಉದುರಿ ಬಂದು, ಕೀಲಿನ ಹತ್ತಿರ ಮಸಿಯೊಳಗೆ ಹೂತು ಕೂತಿತ್ತು. ಹಿಡಿ ಪೂರ್ತಿ ತಳ್ಳಿದರೆ ಟಣ್ ಅಂತ ಸದ್ದು ಬರುತ್ತಿತ್ತು, ಮುಚ್ಚಿತು ಅಂದುಕೊಳ್ಳುತ್ತಿದ್ದೆವು. ಕೆಳಗಿಂದ ಟಾರ್ಚ್ ಬಿಟ್ಟು ನೋಡಿದರೆ ಒಂದು ಕಡೆ ಕಿರುಬೆರಳು ತೂರುವಷ್ಟು ಸಂದು.

ಲೆಕ್ಕ ಹಾಕಿ ನೋಡಿ. ಹಲಗೆ 30 ಇಂಚು ಉದ್ದ, 5 ಇಂಚು ಅಗಲ ಇದ್ದರೆ ಸುತ್ತಳತೆ 70 ಇಂಚು. ಸುತ್ತಲೂ ಕಾಲು ಇಂಚು ಸಂದು ಬಿಟ್ಟರೆ ಒಟ್ಟು ಸುಮಾರು 17 ಚದರ ಇಂಚು. ಹಾಲ್ ಗೋಡೆಗೆ 4 ಇಂಚಿಗೆ 4 ಇಂಚು ತೂತು ಕೊರೆದು ಬಿಟ್ಟ ಹಾಗೆ. ಗೋಡೆಯಲ್ಲಿ ಅಂಥ ತೂತು ಕಂಡರೆ ಅವತ್ತೇ ಮುಚ್ಚುತ್ತೇವೆ, ಅಲ್ವಾ?

ಗಾಳಿ ಒಳಗೆ ಬರುತ್ತಿದೆಯೋ, ಹೊರಗೆ ಹೋಗುತ್ತಿದೆಯೋ?

ಇದೇ ನನ್ನ ಪ್ರಕಾರ ಮುಖ್ಯ ಪ್ರಶ್ನೆ. ಸಾಮಾನು ತರುವ ಮೊದಲು ಇದಕ್ಕೆ ಉತ್ತರ ಕಂಡುಕೊಳ್ಳಿ. ತುಂಬಾ ಜನ ಹೊರಗಿನ ಗಾಳಿ ಬೀಸಿ ಬೀಸಿ ಚಿಮ್ನಿಯಲ್ಲಿ ಇಳಿಯುತ್ತದೆ ಅಂದುಕೊಂಡಿರುತ್ತಾರೆ. ಗಾಳಿ ಬೀಸಿದ ದಿನ ಅದೂ ಉಂಟು. ಆದರೆ ಜಾಸ್ತಿ ಕೆಲಸ ಮಾಡುವುದು ಮನೆಯೇ.

ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಹೊರಗೆ ಮೈನಸ್ 5 ಡಿಗ್ರಿ ಸೆಲ್ಸಿಯಸ್, ಒಳಗೆ 20 ಡಿಗ್ರಿ ಇದ್ದಾಗ, 6 ಮೀಟರ್ ಎತ್ತರದ ಫ್ಲೂ ತುಂಬ ಬೆಚ್ಚನೆ ಗಾಳಿ ಇದ್ದರೆ 6ರಿಂದ 7 ಪಾಸ್ಕಲ್‌ನಷ್ಟು (ಪಾಸ್ಕಲ್ ಅಂದರೆ ಒತ್ತಡದ ಅಳತೆ) ಎಳೆತ ಹುಟ್ಟುತ್ತದೆ. ಸಂಖ್ಯೆ ಸಣ್ಣದು ಅನ್ನಿಸುತ್ತದೆ. ಆದರೆ ಒಂದು ಹಾಳೆಯನ್ನು ಬಾಯಿಗೆ ಅಂಟಿದ ಹಾಗೆ ಹಿಡಿದಿಡಲು ಇಷ್ಟು ಸಾಕು, ಅದೂ ಹಗಲು ರಾತ್ರಿ ನಿಲ್ಲದೆ. ಹೀಗೆ ಮೇಲೆ ಹೋಗುವುದು ನೀವು ದುಡ್ಡು ಕೊಟ್ಟು ಕಾಯಿಸಿದ ಗಾಳಿ. ಅದರ ಜಾಗ ತುಂಬಲು ಬಾಗಿಲ ಸಂದಿ, ಕಿಟಕಿ ಸಂದಿಯಿಂದ ತಣ್ಣನೆಯದು ಒಳಗೆ ಬರುತ್ತದೆ. ಕಿಟಕಿ ಹತ್ತಿರ ಚಳಿ ಆದರೂ ಕಾರಣ ಫೈರ್‌ಪ್ಲೇಸ್ ಆಗಿರಬಹುದು.

ಚಿಮ್ನಿ ಮನೆಯ ಹೊರಗೋಡೆಗೆ ಅಂಟಿಕೊಂಡಿದ್ದರೆ ಕತೆ ಉಲ್ಟಾ. ಮೂರು ಕಡೆ ಚಳಿ ತಿಂದು ಫ್ಲೂ ತಣ್ಣಗಾಗಿರುತ್ತದೆ, ಒಳಗಿನ ಗಾಳಿ ಭಾರವಾಗಿ ಕೆಳಗೆ ಜಾರಿ ಹಾಲ್‌ಗೆ ಸುರಿಯುತ್ತದೆ. ಅತ್ತೆಯ ಪಾದಕ್ಕೆ ಹೊಡೆದದ್ದು ಇದು.

ಇನ್ನೊಂದು, ನಮ್ಮ ಜನರ ಮನೆಗಳಲ್ಲಿ ಇದು ತುಂಬಾ ಜಾಸ್ತಿ. ನಾವು ಬೆಳಿಗ್ಗೆ ಸಂಜೆ ಒಗ್ಗರಣೆ ಹಾಕುವವರು. ಸಾಸಿವೆ ಸಿಡಿದು ಮೆಣಸಿನಕಾಯಿ ಘಾಟು ಎದ್ದ ತಕ್ಷಣ ಹುಡ್ ಪೂರ್ತಿ ಜೋರಿಗೆ ಇಡುತ್ತೇವೆ. 600 ಸಿಎಫ್‌ಎಂ ಹುಡ್ ಅಂದರೆ ನಿಮಿಷಕ್ಕೆ 600 ಘನ ಅಡಿ ಗಾಳಿಯನ್ನು ಹೊರಗೆ ಹಾಕುತ್ತದೆ. 12 ಅಡಿಗೆ 14 ಅಡಿಯ, 8 ಅಡಿ ಎತ್ತರದ ಒಂದು ರೂಮಿನ ಗಾಳಿ ಎರಡೂ ಕಾಲು ನಿಮಿಷದಲ್ಲಿ ಆಚೆ. ಅಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ಲ. ಅತಿ ಸುಲಭದ ದಾರಿ ಫ್ಲೂ. ಹುಳಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಹಾಲ್‌ನಲ್ಲಿ ಹಳೇ ಮಸಿ ವಾಸನೆ ಬರುತ್ತಿದ್ದರೆ ಇದೇ ಕಾರಣ. ಹುಡ್ ಹಾಕುವಾಗ ಅಡುಗೆ ಮನೆ ಕಿಟಕಿಯನ್ನು ಎರಡು ಇಂಚು ತೆರೆಯಿರಿ, ಅವತ್ತೇ ವ್ಯತ್ಯಾಸ ಗೊತ್ತಾಗುತ್ತದೆ. ಬಟ್ಟೆ ಒಣಗಿಸುವ ಡ್ರೈಯರ್, ಬಾತ್‌ರೂಮ್ ಫ್ಯಾನ್ ಕೂಡ ಇದನ್ನೇ ಮಾಡುತ್ತವೆ, ಸ್ವಲ್ಪ ಕಮ್ಮಿ.

ಪರೀಕ್ಷೆ ಮಾಡುವುದು ಹೇಗೆ?

ಊದುಬತ್ತಿ ಸಾಕು. ಚಳಿ ಇರುವ ದಿನ, ಬೆಂಕಿ ಹಾಕದೆ, ಡ್ಯಾಂಪರ್ ಮುಚ್ಚಿ, ಬಾಯಿಯ ಮೇಲಂಚಿನಲ್ಲಿ ಹಿಡಿದು ನಿಧಾನಕ್ಕೆ ಆ ತುದಿಯಿಂದ ಈ ತುದಿಗೆ ಸರಿಸಿ. ಹೊಗೆ ಒಳಗೆ ಎಳೆದುಕೊಂಡರೆ ಮನೆಯ ಗಾಳಿ ಹೋಗುತ್ತಿದೆ, ನಿಮ್ಮ ಮುಖಕ್ಕೆ ಬಂದರೆ ತಣ್ಣನೆ ಗಾಳಿ ಇಳಿಯುತ್ತಿದೆ. ಇದನ್ನೇ ಹುಡ್ ಹಾಕಿ ಇನ್ನೊಮ್ಮೆ ಮಾಡಿ. ಎರಡಕ್ಕೂ ವ್ಯತ್ಯಾಸ ಕಂಡೇ ಕಾಣುತ್ತದೆ.

ಮನೆಯಲ್ಲಿ ಗಾಳಿ ಎಷ್ಟು ಸೋರುತ್ತದೆ ಅಂತ ಅಳೆಯುವ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸುವುದಾದರೆ ಹಿಂದಿನ ದಿನವೇ ಬೂದಿ ಪೂರ್ತಿ ತೆಗೆದಿಡಿ. ಬಾಗಿಲಿಗೆ ಫ್ಯಾನ್ ಕಟ್ಟಿ ಮನೆಯ ಗಾಳಿಯನ್ನು 50 ಪಾಸ್ಕಲ್‌ವರೆಗೆ ಎಳೆಯುತ್ತಾರೆ, ಬೂದಿ ಇದ್ದರೆ ಹಾಲ್ ತುಂಬಾ ಹಾರುತ್ತದೆ.

ಹಳೇ ಥ್ರೋಟ್ ಡ್ಯಾಂಪರನ್ನೇ ಸರಿ ಮಾಡಬಹುದಾ?

ಸ್ವಲ್ಪ ಮಟ್ಟಿಗೆ. ತಂತಿ ಬ್ರಷ್‌ನಿಂದ ಹಲಗೆ ಕೂರುವ ಅಂಚನ್ನು ಉಜ್ಜಿ, ಹಿಂದೆ ಇರುವ ಹೊಗೆ ಕಟ್ಟೆಯ ಮೇಲೆ ಬಿದ್ದ ಚೂರುಗಳನ್ನು ತೆಗೆದರೆ ಅರ್ಧ ಸಂದು ಹೋಗುತ್ತದೆ. ಕನ್ನಡಕ, ಮಾಸ್ಕ್ ಹಾಕಿಕೊಂಡೇ ಮಾಡಿ. ಹಲಗೆ ಬಿರುಕು ಬಿಟ್ಟಿದ್ದರೆ, ಡೊಂಕಾಗಿದ್ದರೆ ಉಜ್ಜಿ ಪ್ರಯೋಜನವಿಲ್ಲ. ಚೌಕಟ್ಟನ್ನು ಗಾರೆಯಲ್ಲಿ ಹೂತಿರುತ್ತಾರೆ, ಬದಲಿಸಬೇಕೆಂದರೆ ಇಟ್ಟಿಗೆ ಒಡೆಯಬೇಕು. ಅದಕ್ಕೇ ಎಲ್ಲರೂ ಮೇಲಿನ ಮುಚ್ಚಳದ ಕಡೆ ಹೋಗುವುದು.

ಸಂದಿಗೆ ಗ್ಲಾಸ್ ವೂಲ್, ದಿಂಬು, ಪ್ಲಾಸ್ಟಿಕ್ ಚೀಲ ತುರುಕುವವರಿದ್ದಾರೆ. ದಯವಿಟ್ಟು ಬೇಡ. ಮುಂದಿನ ವರ್ಷ ಯಾರೋ ಮರೆತು ಬೆಂಕಿ ಹಾಕುತ್ತಾರೆ.

ಟಾಪ್ ಸೀಲಿಂಗ್ ಡ್ಯಾಂಪರ್ ಅಂದರೆ ಏನು? ಅಷ್ಟು ದುಡ್ಡು ಹಾಕಬಹುದಾ?

ವಾರಕ್ಕೊಮ್ಮೆಯಾದರೂ ಬೆಂಕಿ ಹಾಕುವ ಮನೆಗೆ ನಾನು ಹೇಳುವುದು ಇದನ್ನೇ. ಫ್ಲೂವಿನ ತುತ್ತತುದಿಯಲ್ಲಿ, ಅಂದರೆ ಛಾವಣಿಯ ಮೇಲೆ ಕೂರುವ ಲೋಹದ ಮುಚ್ಚಳ ಇದು. ಅಂಚಿಗೆ ಸಿಲಿಕೋನ್ ಪಟ್ಟಿ ಇರುತ್ತದೆ, ಪ್ರೆಶರ್ ಕುಕ್ಕರಿನ ಗ್ಯಾಸ್ಕೆಟ್ ಹಾಗೆಯೇ ಅಂದುಕೊಳ್ಳಿ. ಬೆಂಕಿಯಿಂದ ದೂರ ಇರುವುದರಿಂದ ಆ ಪಟ್ಟಿ ಅಲ್ಲಿ ಬಾಳುತ್ತದೆ. ಮುಚ್ಚಳದಿಂದ ಒಂದು ಸ್ಟೀಲ್ ತಂತಿ ಫ್ಲೂ ಉದ್ದಕ್ಕೂ ಇಳಿದು ಬೆಂಕಿ ಗೂಡಿನ ಪಕ್ಕದ ಗೋಡೆಯಲ್ಲಿ ಒಂದು ಕೊಕ್ಕೆಗೆ ಸಿಕ್ಕುತ್ತದೆ. ಎಳೆದು ಸಿಕ್ಕಿಸಿದರೆ ಮುಚ್ಚುತ್ತದೆ, ಬಿಟ್ಟರೆ ಸ್ಪ್ರಿಂಗ್ ತಾನೇ ತೆರೆಯುತ್ತದೆ. ಸ್ಪ್ರಿಂಗ್ ಇರುವುದಕ್ಕೆ ಒಂದು ದೊಡ್ಡ ಲಾಭ ಇದೆ: ತಂತಿ ಯಾವತ್ತಾದರೂ ಹರಿದರೆ ಮುಚ್ಚಳ ತೆರೆದುಕೊಂಡು ನಿಲ್ಲುತ್ತದೆ, ಹೊಗೆ ಮನೆಯೊಳಗೆ ತಿರುಗುವುದಿಲ್ಲ.

ಇನ್ನೂ ಒಂದು ಒಳ್ಳೆಯ ವಿಷಯ. ಮುಚ್ಚಳ ಮೇಲಿದ್ದರೆ ಇಡೀ ಫ್ಲೂ ಮನೆಯ ಕಡೆ ಸೇರಿದ ಹಾಗೆ. ಒಳಗಿನ ಗಾಳಿ ಅಷ್ಟು ತಣ್ಣಗಾಗುವುದಿಲ್ಲ, ಬೆಂಕಿ ಹಚ್ಚಿದಾಗ ಮೊದಲ ಹೊಗೆ ಮುಖಕ್ಕೆ ಬರುವುದು ಕಮ್ಮಿಯಾಗುತ್ತದೆ. ಮಳೆ, ಅಳಿಲು, ರಕೂನ್ ಯಾವುದೂ ಇಳಿಯುವುದಿಲ್ಲ.

ಸಾಮಾನಿಗೇ ಕೆಲವು ನೂರು ಡಾಲರ್, ಕೂಲಿ ಬೇರೆ. ಇದನ್ನು ಕೂರಿಸಿದ ಮೇಲೆ ಕೆಳಗಿನ ಹಳೇ ಹಲಗೆಯನ್ನು ತೆಗೆಯಬೇಕು ಅಥವಾ ತೆರೆದೇ ಇರುವ ಹಾಗೆ ಕಟ್ಟಬೇಕು. ಎರಡೂ ಇದ್ದರೆ ಮನೆಯವರು ಒಬ್ಬರು ಒಂದನ್ನು ತೆರೆದು ಇನ್ನೊಂದನ್ನು ಮರೆಯುತ್ತಾರೆ. ಹಿಮ ಬಿದ್ದು ಹೆಪ್ಪುಗಟ್ಟಿದ ದಿನ ಮುಚ್ಚಳ ಅಂಟಿಕೊಳ್ಳುವುದುಂಟು, ಆದ್ದರಿಂದ ತಂತಿ ಬಿಟ್ಟ ಮೇಲೆ ಟಾರ್ಚ್ ಹಾಕಿ ಅಥವಾ ಊದುಬತ್ತಿ ಹಿಡಿದು ನೋಡಿಯೇ ಕಡ್ಡಿ ಗೀರಿ.

ನೀವೇ ಛಾವಣಿ ಹತ್ತಬೇಡಿ. ಸರ್ಟಿಫಿಕೇಟ್ ಇರುವ ಚಿಮ್ನಿ ಸ್ವೀಪ್, ಅಂದರೆ ಚಿಮ್ನಿ ಗುಡಿಸುವವರನ್ನು ಕರೆಸಿ. ಎನ್‌ಎಫ್‌ಪಿಎ 211 ಅನ್ನುವ ಅಮೆರಿಕದ ಬೆಂಕಿ ಸುರಕ್ಷತೆಯ ಮಾನದಂಡದ ಪ್ರಕಾರ ಹೇಗೂ ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕು, ಮಸಿ 1/8 ಇಂಚು ದಪ್ಪ ಕೂತಿದ್ದರೆ ಗುಡಿಸಬೇಕು. ಎರಡು ಕೆಲಸ ಒಂದೇ ಸಲ ಆಗುತ್ತದೆ.

ನಾವು ಬೆಂಕಿಯೇ ಹಾಕಲ್ಲ. ಬಲೂನ್ ಸಾಕಾ? ಉಣ್ಣೆಯದು ಒಳ್ಳೆಯದಾ?

ಸಾಕು. ಬೆಂಕಿ ಹಾಕದ ಮನೆಗೆ ಛಾವಣಿ ಕೆಲಸದ ಖರ್ಚು ಸುಮ್ನೆ ದಂಡ.

ಚಿಮ್ನಿ ಬಲೂನ್ ಅಂದರೆ ಗಟ್ಟಿ ಪ್ಲಾಸ್ಟಿಕ್ ಹಾಳೆಯ ದಿಂಬು. ಡ್ಯಾಂಪರ್ ಕೆಳಗೆ ಹಿಡಿದು ಗಾಳಿ ತುಂಬಿದರೆ ಗೋಡೆಗೆ ಒತ್ತಿ ನಿಲ್ಲುತ್ತದೆ. ಗಾತ್ರ ಸರಿ ಇರಬೇಕು, ಆದ್ದರಿಂದ ಬಾಯಿಯ ಅಳತೆ ಅಲ್ಲ, ಬಲೂನ್ ಕೂರುವ ಜಾಗದ ಅಳತೆ ತಗೊಳ್ಳಿ. ತಿಂಗಳಿಗೊಮ್ಮೆ ಒತ್ತಿ ನೋಡಿ, ನಿಧಾನಕ್ಕೆ ಗಾಳಿ ಇಳಿಯುತ್ತದೆ. ಇಟ್ಟಿಗೆಯ ಚೂಪು ಗಾರೆಗೆ ತೂತಾಗುವುದೂ ಉಂಟು.

ಉಣ್ಣೆಯದು ಕುರಿ ಉಣ್ಣೆಯನ್ನು ಒತ್ತಿ ಮಾಡಿದ ದಪ್ಪ ಬಿಲ್ಲೆ, ಕೆಳಗೆ ಒಂದು ಹಿಡಿ. ಇಂಗ್ಲೆಂಡಿನ ಕಂಬ್ರಿಯಾದಲ್ಲಿ ಹರ್ಡ್‌ವಿಕ್ ಅನ್ನುವ ತಳಿಯ ಒರಟು ಉಣ್ಣೆಯಿಂದ ಮಾಡುತ್ತಾರೆ. ನನಗೆ ಇದೇ ಜಾಸ್ತಿ ಇಷ್ಟ. ಗೋಡೆ ಅಂಕುಡೊಂಕಾಗಿದ್ದರೂ ಉಣ್ಣೆ ಹೊಂದಿಕೊಂಡು ಕೂರುತ್ತದೆ, ತೂತಾಗುವ ಭಯವಿಲ್ಲ, ಸ್ವಲ್ಪ ತೇವ ಹೀರಿ ಬಿಡುತ್ತದೆ. ತೆಗೆಯುವಾಗ ಮಸಿ ಉದುರುತ್ತದೆ, ಕೆಳಗೆ ಹಳೇ ಪೇಪರ್ ಹಾಸಿ.

ಎರಡಕ್ಕೂ ಒಂದೇ ನಿಯಮ. ಕೆಳಗೆ ಕಣ್ಣಿಗೆ ಕಾಣುವ ಹಾಗೆ ಕೆಂಪು ಚೀಟಿ ನೇತು ಹಾಕಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ, ಮನೆಗೆ ಬಂದ ಅಪ್ಪ ಅಮ್ಮನಿಗೂ ಗೊತ್ತಾಗಬೇಕು, ಮನೆ ನೋಡಿಕೊಳ್ಳಲು ಬಂದವರಿಗೂ ಗೊತ್ತಾಗಬೇಕು. ಬಾಡಿಗೆ ಮನೆಯಾದರೆ ಮಾಲೀಕರಿಗೆ ಬರಹದಲ್ಲಿ ತಿಳಿಸಿ, ಬಿಡುವಾಗ ತೆಗೆದುಕೊಂಡು ಹೋಗಿ.

ಗಾಜಿನ ಬಾಗಿಲು? ಮ್ಯಾಗ್ನೆಟ್ ಹೊದಿಕೆ?

ಗಾಜಿನ ಬಾಗಿಲಿನಿಂದ ಗಾಳಿ ಕಮ್ಮಿಯಾಗುತ್ತದೆ, ನಿಲ್ಲುವುದಿಲ್ಲ. ಮ್ಯಾಗ್ನೆಟ್ ಹೊದಿಕೆ ಕಬ್ಬಿಣದ ಚೌಕಟ್ಟು ಇದ್ದರೆ ಅಂಟುತ್ತದೆ, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಆದರೆ ಅಂಟುವುದಿಲ್ಲ. ತರುವ ಮೊದಲು ಫ್ರಿಜ್ಜಿನ ಮೇಲಿನ ಮ್ಯಾಗ್ನೆಟ್ ಒಂದನ್ನು ತಂದು ಇಟ್ಟು ನೋಡಿ.

ನಮ್ಮದರಲ್ಲಿ ಗ್ಯಾಸ್ ಲಾಗ್ ಇದೆ. ಮುಚ್ಚಬಹುದಾ?

ಮುಚ್ಚಬೇಡಿ. ಗ್ಯಾಸ್ ಲಾಗ್ ಅಂದರೆ ಕಟ್ಟಿಗೆಯ ಹಾಗೆ ಕಾಣುವ, ಗ್ಯಾಸಿನಿಂದ ಉರಿಯುವ ನಕಲಿ ಕೊರಡು. ಕಟ್ಟಿಗೆ ಫೈರ್‌ಪ್ಲೇಸ್ ಒಳಗೆ ಫ್ಲೂ ಬಳಸುವ ಗ್ಯಾಸ್ ಲಾಗ್ ಕೂರಿಸಿದ್ದರೆ ಡ್ಯಾಂಪರ್ ಪೂರ್ತಿ ಮುಚ್ಚದ ಹಾಗೆ ಒಂದು ಕ್ಲಾಂಪ್ ಹಾಕಿರುತ್ತಾರೆ. ನೋಡಿದರೆ ಸುಮ್ನೆ ಒಂದು ಕಬ್ಬಿಣದ ಚೂರು, ಗಾಳಿ ಬರುತ್ತದೆ ಅಂತ ಕಿತ್ತು ಹಾಕಿದವರನ್ನು ನಾನು ಬಲ್ಲೆ. ಅದು ಇರುವುದು ಜೀವ ಉಳಿಸಲು. ಪೈಲಟ್ ಜ್ವಾಲೆ ಸಣ್ಣಗೆ ಉರಿಯುತ್ತಿದ್ದರೂ ಅದರ ಹೊಗೆ ಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೇ ಉಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸ್ ಲಾಗ್ ಬೇಡವೇ ಬೇಡ ಅನ್ನಿಸಿದರೆ ಮೊದಲು ಪ್ಲಂಬರ್ ಕರೆಸಿ ಗ್ಯಾಸ್ ಲೈನ್ ಬಂದ್ ಮಾಡಿಸಿ, ಆಮೇಲೆ ಮುಚ್ಚುವ ಮಾತು.

ಗಾಜು ಪೂರ್ತಿ ಬಿಗಿಯಾಗಿ ಕೂತಿರುವ, ಗೋಡೆಯಿಂದಲೇ ಹೊರಗೆ ಪೈಪ್ ಹೋಗುವ ಡೈರೆಕ್ಟ್ ವೆಂಟ್ ಮಾದರಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಅದರ ಪೈಪ್ ಮುಟ್ಟಬೇಡಿ.

ಇನ್ನೊಂದು ಎಚ್ಚರಿಕೆ. ಒಂದೇ ಚಿಮ್ನಿ ಗೋಪುರದಲ್ಲಿ ಎರಡು ಫ್ಲೂ ಇರಬಹುದು, ಒಂದು ಫೈರ್‌ಪ್ಲೇಸಿಗೆ, ಇನ್ನೊಂದು ನೆಲಮಾಳಿಗೆಯ ಬಾಯ್ಲರ್‌ಗೆ. ತಪ್ಪಿ ಬಾಯ್ಲರ್ ಫ್ಲೂ ಮುಚ್ಚಿದರೆ ಮನೆಯವರ ಪ್ರಾಣಕ್ಕೆ ಅಪಾಯ. ಎರಡರ ತುದಿಯೂ ಅಕ್ಕಪಕ್ಕ ಇದ್ದರೆ ಬಾಯ್ಲರ್ ಹೊಗೆ ಪಕ್ಕದ ಫ್ಲೂವಿನಿಂದ ಹಾಲ್‌ಗೆ ಇಳಿಯುವುದೂ ಉಂಟು, ಹುಡ್ ಜೋರಾಗಿ ಓಡುವಾಗ ಇನ್ನೂ ಜಾಸ್ತಿ. ಪ್ರತಿ ಮಹಡಿಯಲ್ಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲಿ. ಈ ಮಾತಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ನಮ್ಮದು ಇಟ್ಟಿಗೆಯದಲ್ಲ, ಲೋಹದ ಪೆಟ್ಟಿಗೆ. ಅದಕ್ಕೆ?

ಫ್ಯಾಕ್ಟರಿಯಲ್ಲಿ ಮಾಡಿದ ಫೈರ್‌ಪ್ಲೇಸ್ ಅದು. ಒಳಗೆ ತಗಡಿನ ತಟ್ಟೆಯೇ ಡ್ಯಾಂಪರ್. ಅದರ ಪೈಪ್ ಒಂದರೊಳಗೊಂದು ಇರುತ್ತದೆ, ನಡುವಿನ ಸಂದಿಯಲ್ಲಿ ಗಾಳಿ ಓಡಾಡಿ ಪೈಪ್ ತಣ್ಣಗಿಡುತ್ತದೆ. ಆ ಸಂದಿ ಮುಚ್ಚಿದರೆ ಗೋಡೆಯ ಮರಕ್ಕೆ ಶಾಖ ತಗಲುತ್ತದೆ. ತಯಾರಕರು ಒಪ್ಪಿದ ಸಾಮಾನು ಬಿಟ್ಟು ಬೇರೆ ಏನೂ ಹಾಕಬೇಡಿ. ಮಾದರಿ ಸಂಖ್ಯೆ ಗೂಡಿನೊಳಗಿನ ತಗಡಿನ ಚೀಟಿಯಲ್ಲಿ ಇರುತ್ತದೆ.

ಬೆಂಕಿ ಆರಿದ ಮೇಲೆ ಯಾವಾಗ ಮುಚ್ಚಬಹುದು?

ಬೂದಿ ಪೂರ್ತಿ ತಣ್ಣಗಾದ ಮೇಲೆ, ಅದಕ್ಕೆ ಮುಂಚೆ ಅಲ್ಲ. ಮಲೆನಾಡಿನ ಬಚ್ಚಲು ಮನೆ ಒಲೆ ನೋಡಿದವರಿಗೆ ಇದು ಗೊತ್ತು: ರಾತ್ರಿ ಬೂದಿ ಮುಚ್ಚಿಟ್ಟ ಕೆಂಡ ಬೆಳಿಗ್ಗೆ ಕೆದಕಿ ಊದಿದರೆ ಮತ್ತೆ ಹತ್ತುತ್ತದೆ. ಇಲ್ಲೂ ಅಷ್ಟೇ. ಮೇಲೆ ಬೂದಿ ಬೆಳ್ಳಗಿದ್ದರೂ ಒಳಗೆ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ರಾತ್ರಿ ಮಲಗುವಾಗ ಚಳಿ ಅಂತ ಮುಚ್ಚಬೇಡಿ, ಗಾಜಿನ ಬಾಗಿಲಿದ್ದರೆ ಅದನ್ನಷ್ಟೇ ಹಾಕಿ. ಮಾರನೇ ದಿನ ಕೋಲಿನಿಂದ ಕೆದಕಿ ನೋಡಿ ಮುಚ್ಚಿ. ತೆಗೆದ ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ, ಮನೆಯಿಂದ ಕನಿಷ್ಠ 10 ಅಡಿ ದೂರ ಇಡಿ.

ಬೇಸಿಗೆಯಲ್ಲೂ ಮುಚ್ಚಿರಬೇಕಾ?

ಹೌದು. ಎಸಿ ಹಾಕಿದ ಮನೆಯಲ್ಲಿ ತಣ್ಣನೆ ಗಾಳಿ ಕೆಳಗಿಂದ ಸೋರಿ, ಹೊರಗಿನ ತೇವದ ಗಾಳಿ ಫ್ಲೂವಿನಿಂದ ಇಳಿಯುತ್ತದೆ. ತೇವ ತಾಗಿದ ಮಸಿ ನಾರುತ್ತದೆ. ಮಳೆ ಬಂದ ದಿನ ಹಾಲ್‌ನಲ್ಲಿ ಸುಟ್ಟ ವಾಸನೆ ಬಂದರೆ ಗುಡಿಸಿಸಿ, ಮುಚ್ಚಿ.

ಲಂಡನ್ನಿನಲ್ಲಿದ್ದೇವೆ. ಹಳೇ ಮನೆ, ಫೈರ್‌ಪ್ಲೇಸ್ ಶಾಶ್ವತವಾಗಿ ಮುಚ್ಚಿಬಿಡೋಣ ಅಂತ.

ಪೂರ್ತಿ ಬಿಗಿ ಮಾಡಬೇಡಿ. ಅಲ್ಲಿನ ಮಳೆಗೆ ಇಟ್ಟಿಗೆ ನೀರು ಕುಡಿದಿರುತ್ತದೆ, ಗಾಳಿಯಾಡದಿದ್ದರೆ ಒಳಗೋಡೆಯಲ್ಲಿ ಕಂದು ಕಲೆ, ಬೂಷ್ಟು. ಮೇಲೆ ಮಳೆ ತಡೆದು ಗಾಳಿ ಬಿಡುವ ಟೋಪಿ, ಕೆಳಗೆ ಮುಚ್ಚಿದ ಗೋಡೆಯಲ್ಲಿ ಒಂದು ಸಣ್ಣ ಜಾಲರಿ, ಎರಡೂ ಇರಬೇಕು. ಮುಂದೆ ಯಾವತ್ತಾದರೂ ಬಳಸುವ ಆಸೆ ಇದ್ದರೆ ಉಣ್ಣೆ ಬಿಲ್ಲೆಯೇ ಸರಿ.

ಚಿಮ್ನಿಯೊಳಗೆ ಹಕ್ಕಿ ಸದ್ದು. ಈಗಲೇ ಮುಚ್ಚಳ ಹಾಕಿಸಲಾ?

ಬೇಸಿಗೆಯಲ್ಲಾದರೆ ಸ್ವಲ್ಪ ತಾಳಿ. ಅಮೆರಿಕದ ಪೂರ್ವ ಭಾಗದಲ್ಲಿ ಚಿಮ್ನಿ ಸ್ವಿಫ್ಟ್ ಅನ್ನುವ ಸಣ್ಣ ಬೂದು ಹಕ್ಕಿ ಫ್ಲೂ ಗೋಡೆಗೆ ಕಡ್ಡಿಗಳನ್ನು ಎಂಜಲಿನಿಂದ ಅಂಟಿಸಿ ಗೂಡು ಕಟ್ಟುತ್ತದೆ. ವಲಸೆ ಹಕ್ಕಿಗಳ ಕಾಯಿದೆಯ ಪ್ರಕಾರ ಮೊಟ್ಟೆ ಮರಿ ಇರುವ ಗೂಡನ್ನು ತೆಗೆಯುವಂತಿಲ್ಲ. ನಮ್ಮನೆಯಲ್ಲೂ ಒಂದು ಜೂನ್‌ನಲ್ಲಿ ಗೂಡಿನೊಳಗಿಂದ ಒಣಕಡ್ಡಿ ಅಲ್ಲಾಡಿಸಿದ ಹಾಗೆ ಚಿರಚಿರ ಸದ್ದು ಕೇಳಿತು. ಅವು ಮರಿ ಹಾರಿಸಿಕೊಂಡು ದಕ್ಷಿಣ ಅಮೆರಿಕಕ್ಕೆ ಹೋಗುವವರೆಗೆ ಕೆಳಗಿನ ಹಲಗೆ ಮುಚ್ಚಿ, ಬಾಯಿಗೆ ರಟ್ಟು ಆನಿಸಿ ಇಟ್ಟೆವು. ಮೇಲಿನ ಮುಚ್ಚಳ ಕೂರಿಸಿದ್ದು ಅಕ್ಟೋಬರ್‌ನಲ್ಲಿ, ಫ್ಲೂ ಗುಡಿಸಿ, ಒಳಗೆ ಯಾರೂ ಉಳಿದಿಲ್ಲ ಅಂತ ಟಾರ್ಚ್ ಹಾಕಿ ನೋಡಿದ ಮೇಲೆ.